ಅಜ್ಜಿ ಹಾಕಿದ ಹಳಿ

ಬೀದರ, ೧೨-೪-೨೦೧೬

ಅಜ್ಜಿ, ಜೈಭೀಮ.

ಮನೆತನದ ರೋಗ ಮಕ್ಕಳಿಗೆ ಹೇಗೆ ಇಳಿದು ಬರುತ್ತದೆಂದು ಜನರಿಗೆ ತಿಳಿಸಿ ಹೇಳುವ ಕೆಲಸ ಕಲಿಯುತ್ತಿದ್ದೇನೆ. ಮೊದಲ ದಿನವೇ ನಮ್ಮ ನಮ್ಮ ವಂಶದ ನಕ್ಷೆ ಬರೆಸಿದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸಂಬಂಧದಲ್ಲೇ ಮದುವೆಯಾದವರ ನಡುವೆ ಜೋಡಿಗೆರೆ. ನನ್ನದರ ತುಂಬ ಜೋಡಿಗೆರೆ ನೋಡಿ ಮೇಡಂ, "ಇದು ವಂಶನೋ, ಭಾಲ್ಕಿ ಸ್ಟೇಷನ್ ಹಳಿನೋ?" ಎಂದರು.

"ನಮ್ಮಜ್ಜಿ ಹಾಕಿದ ಹಳಿ ರೀ" ಎಂದೆ.

ನಳಕ್ಕೆ ವಾರಕ್ಕೊಮ್ಮೆ ನೀರು ಬಂದರೂ ಆರೋಗ್ಯವಾಗಿದ್ದೇನೆ. ಬರಗಾಲಕ್ಕೆ ಪುಣೆ ಸೇರಿದ ಮಾವ ಊರಿಗೆ ಬಂದೊಡನೆ ಅವನ ಮಗ ಮಿಲಿಂದನಿಗೆ ನನ್ನನ್ನು ಕೊಡುವ ಮಾತು ತೆಗೆಯುತ್ತೀ, ಗೊತ್ತು. ಕಾರ್ಡಿನಲ್ಲಿ ಜಾಗ ಮುಗಿಯಿತು. ನಕ್ಷೆಯಲ್ಲಿ ನನ್ನ ವೃತ್ತದ ಪಕ್ಕ ಇನ್ನೂ ಇದೆ. ಪೆನ್ಸಿಲ್ ಮಾತ್ರ ನನ್ನ ಕೈಯಲ್ಲಿದೆ.

ನಿನ್ನ ಮೊಮ್ಮಗಳು,
ಪ್ರಜ್ಞಾ