ಅತ್ತೆಯ ಬೆನ್ನ ಹಿಂದೆ

ಅಗಾದೆಜ್, ಹಳೇ ಪೇಟೆ
ಶನಿವಾರ, 15 ಅಕ್ಟೋಬರ್ 1988

ನನ್ನ ರೈಶಾತು,

ಮರಳಿನ ಆಚೆ ನೀನು ಸುಖವಾಗಿರು. ಅರ್ಲಿತ್‌ನಲ್ಲಿ ಗಾಳಿ ತಣ್ಣಗಾಗಿರಬಹುದು. ಇಲ್ಲಿ ಮಧ್ಯಾಹ್ನ ಇನ್ನೂ ಹೆಂಚಿನಂತೆ ಕಾಯುತ್ತದೆ. ನಿನ್ನ ತಾಯಿಯವರು ಚೆನ್ನಾಗಿದ್ದಾರೆ. ಈ ಮಾತನ್ನು ನಂಬು. ನಂಬಬಾರದ್ದು ಹೋದ ಪತ್ರದಲ್ಲಿ ನಾನು ಬರೆದದ್ದನ್ನು.

ಅವರಿಗೆ ಮನೆಯ ಓಣಿಯೇ ಮರೆತುಹೋಗಿದೆ ಎಂದು ಬರೆದಿದ್ದೆ. ಅದನ್ನು ಓದಿದ ನೀನು ಬುಧವಾರದ ಲಾರಿಯಲ್ಲಿ ಬಂದು ಅವರನ್ನು ಅರ್ಲಿತ್‌ಗೆ ಕರೆದೊಯ್ಯುತ್ತೇನೆ, ಮನೆಗೆ ಬೀಗ ಹಾಕುತ್ತೇನೆ ಎಂದು ತಿಳಿಸಿದ್ದೀಯೆ. ಅದೇ ಕಾಗದದಲ್ಲಿ ನಮ್ಮ ಮದುವೆಯಿಂದ ಬಿಡುಗಡೆಯ ಮಾತನ್ನೂ ಕೇಳಿದ್ದೀಯೆ. ಒಂದೇ ಪ್ರಯಾಣದಲ್ಲಿ ಎರಡೂ ಮುಗಿಯಲಿ ಎಂದಿರಬೇಕು. ನೀನು ಮೊದಲಿನಿಂದಲೂ ಹಾಗೆಯೇ, ಒಲೆ ಹಚ್ಚಿದರೆ ಎರಡು ಅಡುಗೆ ಮಾಡಿಯೇ ಏಳುವವಳು. ಲಾರಿ ಹತ್ತುವ ಮುಂಚೆ ಇದನ್ನು ಪೂರ್ತಿ ಓದು, ಅಷ್ಟೇ ಕೇಳುವುದು.

ಅವರ ಮೇಲೆ ಒಂದು ಕಣ್ಣಿಟ್ಟಿರು ಎಂದು ನೀನೇ ಬರೆದಿದ್ದೆ. ಒಲೆಯ ಮೇಲೆ ಗಂಜಿ ಸೀದುಹೋದ ಸುದ್ದಿ ನಿನ್ನ ಕಿವಿಗೂ ಬಿದ್ದಿತ್ತು. ಆದರೆ ಅಳಿಯನಾದವನು ಅತ್ತೆಯ ಮೇಲೆ ಕಣ್ಣಿಡುವುದು ಹೇಗೆ, ನೀನೇ ಹೇಳು. ಎದುರು ನಿಲ್ಲುವಂತಿಲ್ಲ, ಮಾತಾಡಿಸುವಂತಿಲ್ಲ, ಹೆಸರೆತ್ತುವಂತಿಲ್ಲ, ಅವರು ಕಾಣುವಲ್ಲಿ ಒಂದು ಖರ್ಜೂರವನ್ನೂ ಬಾಯಿಗಿಡುವಂತಿಲ್ಲ. ಇನ್ನು ಉಳಿದದ್ದು ಅವರ ಬೆನ್ನು ಮಾತ್ರ. ಹಾಗಾಗಿ ಅವರು ಮನೆಯಿಂದ ಹೊರಟಾಗಲೆಲ್ಲ ಉಪ್ಪಿನ ಅಂಗಡಿಗೆ ಬಾಗಿಲು ಹಾಕಿ, ಮುಂಡಾಸಿನ ಸೆರಗನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಸ್ವಲ್ಪ ದೂರ ಬಿಟ್ಟು ನಾನೂ ಹಿಂದೆ ಹೊರಡುತ್ತಿದ್ದೆ. ಪ್ರತಿ ಸಲವೂ ಅದೇ ಕಥೆ. ಪೇಟೆಯೆಲ್ಲ ಸುತ್ತುತ್ತಿದ್ದರು, ತಮ್ಮ ಓಣಿಯ ಬಾಯಿಗೆ ಬಂದು ನಿಲ್ಲುತ್ತಿದ್ದರು, ಒಳಗೆ ನೋಡುತ್ತಿದ್ದರು, ಮತ್ತೆ ಮುಂದೆ ಹೋಗಿಬಿಡುತ್ತಿದ್ದರು. ನಾನು ಇನ್ನೇನು ತಿಳಿಯಬೇಕಿತ್ತು?

ಮೊನ್ನೆ ಗುರುವಾರ ಬೆಳಿಗ್ಗೆ ಮತ್ತೆ ಹೊರಟರು. ಮೊದಲು ಮಸೀದಿಯ ಗೋಪುರದ ಬುಡಕ್ಕೆ ಹೋದರು. ಈ ಸಲದ ಮಳೆಗೆ ತೊಳೆದುಹೋದ ಕಡೆಗೆಲ್ಲ ಹೊಸ ಮಣ್ಣು ಮೆತ್ತಿದ್ದಾರೆ. ಅವರು ಅದನ್ನು ಉಗುರಿನಿಂದ ಗೀರಿ ನೋಡಿ ತಲೆಯಾಡಿಸಿದರು. ಕೆಲಸ ಹಿಡಿಸಲಿಲ್ಲವೆಂದು ಹಿಂದಿನಿಂದಲೇ ಗೊತ್ತಾಯಿತು. ಗೋಡೆಯಿಂದ ಹೊರಚಾಚಿದ ಮರದ ತೊಲೆಗಳ ಮೇಲೆ ಪಾರಿವಾಳ ಕೂತಿದ್ದವು. ಅವಕ್ಕೂ ಏನೋ ಬೈದರು.

ಅಲ್ಲಿಂದ ದರ್ಜಿಗಳ ಸಾಲು. ಗರ್ಬಾ ಬೇವಿನ ಮರದಡಿ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಅತ್ತೆಯವರನ್ನು ಸುಮ್ಮನೆ ಹೋಗಲು ಬಿಟ್ಟು, ನಾನು ಹತ್ತಿರ ಬಂದ ಕೂಡಲೇ ಶುರುಮಾಡಿದ: "ಏನ್ ಘುಮೂರ್, ಉಪ್ಪು ಮಾರೋದು ಬಿಟ್ಟು ಅತ್ತೆ ಕಾಯೋ ಕೆಲಸ ಹಿಡಿದ್ಯಾ? ಮಗಳನ್ನ ಹಿಡ್ಕೊಳ್ಳೋಕೆ ಆಗ್ಲಿಲ್ಲ, ಅಮ್ಮನ್ನಾದ್ರೂ ಬಿಡಬಾರ್ದು ಅಂತಾನಾ?" ಸಾಲಿನವರೆಲ್ಲ ನಕ್ಕರು. ಗರ್ಬಾನಂಥ ಹೌಸಾ ಜನಕ್ಕೆ ಮರಳುಗಾಡಿನವರಾದ ನಮ್ಮನ್ನು ಕೆಣಕುವ ಹಕ್ಕು ಹಿಂದಿನಿಂದ ಬಂದದ್ದು; ಸಿಟ್ಟು ಮಾಡಿಕೊಂಡರೆ ಸೋತಂತೆ. ನಾನು ಸುಮ್ಮನೆ ಮುಂದೆ ಹೋದೆ. ಆದರೆ ಚುಚ್ಚಿತು.

ಈರುಳ್ಳಿ ಮಾರುವವಳ ಹತ್ತಿರ ಅವರು ಕುಕ್ಕರುಗಾಲಲ್ಲಿ ಕೂತರು. "ಏನೇ ಇದು, ನಿನ್ನೆ ಇಷ್ಟೆತ್ತರ ಇದ್ದ ರಾಶಿ ಇವತ್ತು ಕೋಳಿಮರಿ ಥರಾ ಕುಗ್ಗಿದೆ. ಬೆಲೆ ಮಾತ್ರ ಅದೇನಾ?" ಅವಳೂ ಬಿಡಲಿಲ್ಲ: "ನಿನ್ನೆ ತಗೊಂಡಿದ್ರೆ ನಿನ್ನೆ ರಾಶಿ ಸಿಗ್ತಿತ್ತು ಅಜ್ಜಿ." ನಿನ್ನೆಯ ಈರುಳ್ಳಿ ರಾಶಿಯ ಎತ್ತರ ನೆನಪಿರುವ ಹೆಂಗಸಿಗೆ ಮನೆ ಮರೆಯುವುದು ಹೇಗೆ ಎಂಬ ಯೋಚನೆ ನನ್ನ ದಪ್ಪ ತಲೆಗೆ ಆಗಲೂ ಹೊಳೆಯಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ನೀಲಿ ಬಟ್ಟೆಯ ಅಂಗಡಿಯಲ್ಲಿ ಒಂದು ಮಡಿಕೆ ಬಿಚ್ಚಿಸಿ ಮೂಸಿ ನೋಡಿದರು, ಹೆಬ್ಬೆರಳಿಂದ ಉಜ್ಜಿ ಬೆರಳಿಗೆ ಹತ್ತಿದ ಬಣ್ಣವನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿದರು, ಕೊಳ್ಳದೆ ಎದ್ದರು. ಚಕ್ಕಳದ ಚೀಲ ಹೊಲಿಯುವವರ ಓಣಿ, ರೊಟ್ಟಿ ಸುಡುವವರ ಓಣಿ, ನೀರಿನ ಕತ್ತೆಗಳು ನಿಲ್ಲುವ ಬಯಲು, ಎಲ್ಲ ಆಯಿತು. ಎಲ್ಲೆಲ್ಲೂ ಅವರನ್ನು ಹೆಸರು ಹಿಡಿದು ಕರೆಯುವವರಿದ್ದರು. ನಿಜ ಹೇಳುತ್ತೇನೆ, ಇಷ್ಟು ವರ್ಷ ಈ ಪೇಟೆಯಲ್ಲೇ ಬದುಕಿ ನಾನು ಇದನ್ನು ಹೀಗೆ ನೋಡಿರಲಿಲ್ಲ. ನನಗೆ ಇದು ಮನೆಯಿಂದ ಅಂಗಡಿಗೆ ಹೋಗುವ ದಾರಿಯಾಗಿತ್ತು. ಆಗಾಗ ನಾನು ಯಾಕೆ ಹಿಂದೆ ಬರುತ್ತಿದ್ದೇನೆಂಬುದೇ ಮರೆತು ಹಿಗ್ಗುತ್ತಿದ್ದೆ.

ಆಮೇಲೆ ಅವರ ಓಣಿಯ ಬಾಯಿ ಬಂತು. ನಿಂತರು. ಒಳಗೆ ನೋಡಿದರು. ಬಟ್ಟೆಯನ್ನು ತಲೆಯ ಮೇಲೆ ಸರಿಮಾಡಿಕೊಂಡರು. ಮುಂದೆ ನಡೆದರು. ಮತ್ತೊಂದು ಸುತ್ತು ಹಾಕಿ ಬಂದಾಗಲೂ ಹಾಗೆಯೇ. ಬಿಸಿಲು ನೆತ್ತಿಗೆ ಏರಿತ್ತು, ಅವರ ಕಾಲು ತೊಡರುತ್ತಿತ್ತು. "ಇದೇ ನಿಮ್ಮ ಮನೆ" ಎಂಬ ಮೂರು ಪದ ಹೇಳಿದ್ದರೆ ಸಾಕಿತ್ತು. ಹೇಳಲಾಗಲಿಲ್ಲ. ನನಗೆ ಅಳು ಬಂತು, ರೈಶಾತು. ಮುಖ ಮುಚ್ಚಿದ್ದರಿಂದ ಯಾರಿಗೂ ಕಾಣಲಿಲ್ಲ.

ಕೊನೆಗೆ ಅವರು ಅಕ್ಕಸಾಲಿಗರ ಓಣಿಯಲ್ಲಿ ಮೂಮಾಳ ಜಗಲಿಯ ಮೇಲೆ ಧೊಪ್ಪನೆ ಕೂತುಬಿಟ್ಟರು. ನಾನು ಗೋಡೆಯ ಮೂಲೆಯಲ್ಲಿ ಮರೆಯಾಗಿ ನಿಂತೆ. ಮೂಮಾ ನಿನಗೆ ಗೊತ್ತಲ್ಲ, ನಮ್ಮ ಮದುವೆಯ ಮಾತುಕತೆ ನಡೆಸಿದವಳು. ನಾಚಿಕೆ ನಮಗೆ, ಬಾಯಿ ಅಕ್ಕಸಾಲಿಗರಿಗೆ ಎಂದು ಹಿರಿಯರು ಹಂಚಿಕೊಟ್ಟಿದ್ದಾರೆ. ಅವಳು ತನ್ನ ಪಾಲನ್ನು ಎಂದೂ ಕಡಿಮೆ ಮಾಡಿಕೊಂಡವಳಲ್ಲ. ನೀರು ಕೊಟ್ಟು ಕೇಳಿದಳು:

"ಅಲ್ಲಾ ಅಕ್ಕಾ, ಬಾವಿ ನೀರೆಳೆಯೋ ಒಂಟೆ ಥರಾ ಹೋಗ್ತಾ ಬರ್ತಾ ಇದ್ದೀಯಲ್ಲ, ಮನೆ ದಾರಿ ಮರ್ತೋಯ್ತಾ? ಅದಕ್ಕೇ ಮಗಳು ಬಂದು ಕರ್ಕೊಂಡ್ಹೋಗ್ತಾಳಂತೆ."

"ಮರೆಯೋಕೆ ನನಗೇನಾಗಿದೆ? ಹುಟ್ಟಿದ್ದೇ ಆ ಓಣೀಲಿ. ಹಿಂದೆ ಅವನು ಬರ್ತಾ ಇದ್ದಾನಲ್ಲ, ಹೇಗೆ ಹೋಗ್ಲಿ?"

"ಯಾರು?"

"ನನ್ನ ಮಗಳ ಗಂಡ. ಬಾಗಿಲವರೆಗೆ ಬಿಸಿಲಲ್ಲಿ ಬಂದೋನಿಗೆ ನೀರು ಕೊಡದೆ ಬಾಗಿಲು ಹಾಕ್ಕೊಳ್ಳೋದಾ? ಅಂಥ ಮನೆತನ ಅಲ್ಲ ನಮ್ಮದು. ಕೊಡೋಣ ಅಂದ್ರೆ ಅಳಿಯ. ಅವನು ಅಂಗಡಿಗೆ ಹೋಗ್ಲಿ, ಆಮೇಲೆ ಒಳಗೆ ಹೋಗೋಣ ಅಂತ ನಾನು ಕಾಯ್ತೀನಿ. ಅವನು ಹೋಗೋದೇ ಇಲ್ಲ. ಮಂಡಿನೋವು ಬೇರೆ ಪಾಪ, ಎಡಗಾಲು ಎಳೀತಾನೆ. ಅವನಿಗಾಗಿ ಎಷ್ಟು ನಿಧಾನ ನಡೆದೆ ಗೊತ್ತಾ?"

ಮೂಮಾ ತೊಡೆ ತಟ್ಟಿಕೊಂಡು ನಕ್ಕ ಸದ್ದಿಗೆ ಓಣಿಯ ಸುತ್ತಿಗೆಗಳೆಲ್ಲ ನಿಂತವು. ನನಗೆ ನಗು ಬರಲಿಲ್ಲ. ನಾನು ಅವರು ಮನೆ ಸೇರಲೆಂದು ಕಾಯುತ್ತಿದ್ದೆ, ಅವರು ನಾನು ಹೋಗಲೆಂದು ಕಾಯುತ್ತಿದ್ದರು. ಅವರನ್ನು ಬಿಸಿಲಲ್ಲಿ ಸುತ್ತಿಸಿದವನು ನಾನೇ. ಹಾಗೆ ಸುತ್ತಿಸಿ, ಅವರಿಗೆ ಬುದ್ಧಿ ಮಂಕಾಗಿದೆ ಎಂದು ನಿನಗೆ ಬರೆದವನೂ ನಾನೇ.

ಮೂಮಾ ಮೂಲೆಯ ಕಡೆ ತಿರುಗಿ ಕೂಗಿದಳು: "ಕೇಳಿಸ್ತಾ ಅಳಿಯಂದಿರೇ? ರೈಶಾತು ಕೇಳಿದ ಮಾತು ಕೊಟ್ಟುಬಿಡು ಮಾರಾಯ. ಆಗ ಇವಳು ನಿನಗೆ ಅತ್ತೆ ಅಲ್ಲ, ಬರೀ ಒಬ್ಬಳು ಮುದುಕಿ. ತಿರುಗಿ ಮುಖ ನೋಡು, ಕೈ ಹಿಡಿದು ಮನೆಗೆ ಬಿಡು, ನೀರು ಕುಡಿದು ಬಾ." ನಮ್ಮ ವಿಷಯ ಓಣಿಗೆಲ್ಲ ಗೊತ್ತಿದೆ ಎಂದು ಆಗ ತಿಳಿಯಿತು.

ನಿನ್ನ ತಾಯಿ ನೀರಿನ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಮೂಮಾಳಿಗೆ ಹೇಳಿದಂತೆ, ಆದರೆ ಮೂಲೆಗೂ ಕೇಳುವಂತೆ ಹೇಳಿದರು: "ಅದನ್ನ ಅವರಿಬ್ಬರು ನೋಡ್ಕೋತಾರೆ. ನನ್ನ ಮಾತ್ರ ಇಲ್ಲಿಂದ ಕೀಳಬೇಡಿ ಅನ್ನು. ಅಲ್ಲಿ ಮಗಳು ಆಸ್ಪತ್ರೆ ಕೆಲಸಕ್ಕೆ ಹೋದ್ಮೇಲೆ ನಾನು ಯಾರ ಹತ್ರ ಈರುಳ್ಳಿಗೆ ಜಗಳ ಆಡ್ಲಿ? ಗೋಡೆ ನೋಡ್ತಾ ಕೂತ್ರೆ ನಿಜವಾಗ್ಲೂ ಎಲ್ಲಾ ಮರ್ತುಹೋಗತ್ತೆ."

ಮದುವೆಯಾದಾಗಿನಿಂದ ಅವರ ದನಿಯನ್ನು ನಾನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಅದು ಥೇಟ್ ನಿನ್ನ ದನಿ. ನಾನು ಜೋರಾಗಿ ಕೆಮ್ಮಿ, ಚಪ್ಪಲಿ ಸದ್ದು ಮಾಡುತ್ತಾ ಅಂಗಡಿಯ ಕಡೆ ಹೊರಟೆ. ಅವರು ಎದ್ದು, ಎಡಬಲ ನೋಡದೆ ನೆಟ್ಟಗೆ ಮನೆ ಸೇರಿದರೆಂದು ಸಂಜೆ ಮೂಮಾ ಬಂದು ಹೇಳಿದಳು.

ಗಂಜಿ ಸೀದದ್ದು ನಿಜ, ಮುಚ್ಚಿಡುವುದಿಲ್ಲ. ಕಣ್ಣೂ ಸ್ವಲ್ಪ ಮಂದವಾಗಿದೆ, ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಾರೆ. ಅಡುಗೆಗೆ ಯಾರನ್ನಾದರೂ ಗೊತ್ತುಮಾಡೋಣ, ಮೂಮಾಳ ಸೊಸೆ ಒಪ್ಪಿದ್ದಾಳೆ. ಆದರೆ ಅವರನ್ನು ಈ ಓಣಿಗಳಿಂದ ಎತ್ತಬೇಡ. ನನ್ನ ಪತ್ರ ನಂಬಿ ನೀನು ಅವರನ್ನು ಲಾರಿ ಹತ್ತಿಸಿದರೆ ಆ ಪಾಪ ನಾನು ಎಲ್ಲಿ ತೊಳೆಯಲಿ?

ಇನ್ನೊಂದು ಮಾತಿನ ಬಗ್ಗೆ ಇಲ್ಲಿ ಬರೆಯಲು ಹೊರಟು ಹೊಡೆದುಹಾಕಿದ್ದೇನೆ, ನೋಡಿದರೆ ಕಾಣುತ್ತದೆ. ನಿನಗೆ ಅಲ್ಲಿ ಕೆಲಸ ಸಿಕ್ಕಿತು, ನೀನು ಬಾ ಎಂದೆ, ನಾನು ಇರು ಎಂದೆ. ಅದರಲ್ಲಿ ಯಾರ ತಪ್ಪೂ ನನಗೆ ಕಾಣುವುದಿಲ್ಲ. ಈ ಕಾಗದವನ್ನು ನಾಳೆ ಸಂಜೆ ಹೊರಡುವ ಲಾರಿಯವನ ಕೈಗೆ ಕೊಡುತ್ತೇನೆ.

ನಿನ್ನವನೋ ಅಲ್ಲವೋ, ಅದನ್ನು ನೀನೇ ತುಂಬಿಕೋ,
ಘುಮೂರ್

ತಾ.ಕ.: ಭಾನುವಾರ ಮಧ್ಯಾಹ್ನ. ನಿನ್ನೆ ಸಂಜೆ ಮೂಮಾ ಮತ್ತೆ ಸುದ್ದಿ ತಂದಳು. ನಿನ್ನ ತಾಯಿ ಹೇಳಿಕಳುಹಿಸಿದ್ದರು: ಅಷ್ಟೊಂದು ಚಿಂತೆ ಇದ್ದರೆ ಇನ್ನು ಮೇಲೆ ಅವನು ಮುಂದೆ ನಡೆಯಲಿ, ನಾನು ಹಿಂದೆ ಬರುತ್ತೇನೆ, ನನ್ನ ಓಣಿ ಬಂದಾಗ ನಾನು ಒಳಗೆ ಹೋಗುತ್ತೇನೆ, ಅವನು ಅಂಗಡಿಗೆ ಹೋಗಲಿ. ಇವತ್ತು ಹಾಗೆಯೇ ಮಾಡಿದೆವು. ದರ್ಜಿಗಳ ಸಾಲು ದಾಟಿದ ಮೇಲೆ ಹಿಂದಿನ ಹೆಜ್ಜೆಯ ಸದ್ದು ನಿಂತುಹೋಯಿತು. ಬಿದ್ದರೋ, ಕೂತರೋ, ಯಾರೊಡನೆಯೋ ಜಗಳಕ್ಕೆ ನಿಂತರೋ ಗೊತ್ತಾಗಲಿಲ್ಲ. ಬಿಡುಗಡೆಯ ಮಾತು ಕೊಟ್ಟ ಗಂಡಸಾಗಿದ್ದರೆ ತಿರುಗಿ ನೋಡಬಹುದಿತ್ತು. ನಾನು ತಿರುಗಲಿಲ್ಲ, ಉಸಿರು ಹಿಡಿದು ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಯಿತು. ಬುಧವಾರ ನೀನು ಬಂದು ಕೇಳಿದರೆ ಆ ಮಾತು ಕೊಡುತ್ತೇನೆ, ತಡೆಯುವುದಿಲ್ಲ. ಆದರೆ ಕೇಳಬೇಡ, ರೈಶಾತು. ತಿರುಗಿ ನೋಡಬಲ್ಲವನಾಗಲು ನನಗೆ ಇಷ್ಟವಿಲ್ಲ.