ಹಾಲ್ವಾರ್ ಸಾಹೇಬರಿಗೆ ಕಟ್ಟಿದ ಗಂಟು

ಲೊಫೋಟೆನ್ ದ್ವೀಪ, ಸೋಮವಾರ

ಹಾಲ್ವಾರ್ ಸಾಹೇಬ್ರಿಗೆ ದೋಣಿ ನಡೆಸುವ ಟೆರ್ಯೆಯ ನಮಸ್ಕಾರ.

ನಾನು ಹಗ್ಗ ಕೊಯ್ದು ನಿಮ್ಮ ಜೀವ ಉಳಿಸಿದೆ ಅಂತ ನೀವು ಬರೆದ ಕಾಗದವನ್ನು ನನ್ನ ಹೆಂಡತಿ ಗುನ್ವೋರ್ ಅಡುಗೆಮನೆ ಗೋಡೆಗೆ ಅಂಟಿಸಿದ್ದಾಳೆ. ಅದನ್ನು ನೋಡಿದರೆ ನನಗೆ ತುತ್ತು ಇಳಿಯಲ್ಲ.

ಅಷ್ಟು ದೊಡ್ಡ ನಟರು ನೀವು, ಈ ಕಾಸಿಲ್ಲದವರ ಪತ್ತೇದಾರಿ ಸಿನಿಮಾದಲ್ಲಿ ಮೂರು ನಿಮಿಷದ ಪಾತ್ರ ಒಪ್ಪಿದಿರಿ. ಕಂಬಕ್ಕೆ ಕಟ್ಟಿಸಿಕೊಂಡು, ಉಬ್ಬರದ ನೀರಲ್ಲಿ ಸಾಯುವ ಪಾತ್ರ. ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕು ಅಂತ ನಿರ್ದೇಶಕಿ ನನಗೆ ಎರಡು ಸಲ ಹೇಳಿದ್ದರು. ಆದರೆ ನೀವು ನನ್ನ ಜೋಕಿಗೆ ನಕ್ಕಿರಿ, ನಾನು ಇನ್ನೊಂದು ಶುರುಮಾಡಿದೆ. ಬಾಯಿ ಹರಟುತ್ತಿದ್ದಾಗ ಕೈ ಮೂವತ್ತು ವರ್ಷದ ಅಭ್ಯಾಸದಂತೆ ದೋಣಿ ಕಟ್ಟುವ ಗಂಟನ್ನೇ ಹಾಕಿಬಿಟ್ಟಿತು. ನೀರು ಕುಡಿದಷ್ಟೂ ಬಿಗಿಯುವ ಗಂಟು ಅದು.

ನೀರು ಗದ್ದಕ್ಕೆ ಬಂದಾಗ ನೀವು "ಬಿಚ್ರೋ, ಸಾಯ್ತೀನಿ!" ಅಂತ ಕಿರುಚಿದಿರಿ. ಸಿನಿಮಾದಲ್ಲೂ ಅದೇ ಮಾತಿತ್ತಲ್ಲ!

"ಅಬ್ಬಾ, ಏನು ನಟನೆ! ಯಾರೂ ಅಲ್ಲಾಡ್ಬೇಡಿ" ಅಂತ ನಿರ್ದೇಶಕಿ ಪಿಸುಗುಟ್ಟಿದರು. ನನ್ನ ಕೈ ಏನು ಮಾಡಿತ್ತು ಅನ್ನೋದು ನನಗೆ ಆಗ ಹೊಳೆಯಿತು. ಚಾಕು ಹಿಡಿದು ನೀರಿಗೆ ಹಾರಿದೆ.

ಹಗ್ಗ ಹಳೇದು, ಅದಕ್ಕೇ ಸಿಕ್ಕಿಕೊಂಡಿತು ಅಂತ ನಾನು ಎಲ್ಲರಿಗೂ ಹೇಳಿದ್ದು ಸುಳ್ಳು. ಗುನ್ವೋರ್‌ಗೂ ಗೊತ್ತಿಲ್ಲ.

ಗುರುವಾರ ಮತ್ತೆ ಅದೇ ದೃಶ್ಯ. ಟೆರ್ಯೆ ಕಟ್ಟಿದರೆ ಮಾತ್ರ ನೀರಿಗಿಳೀತೀನಿ ಅಂತ ಹಟ ಹಿಡಿದಿದ್ದೀರಂತೆ. ಬೇಡ ಸಾಹೇಬ್ರೆ, ಬೇರೆಯವರ ಕೈಲಿ ಕಟ್ಟಿಸಿಕೊಳ್ಳಿ. ನಾನು ಚಾಕು ಹಿಡಿದು ಪಕ್ಕದಲ್ಲೇ ನಿಂತಿರ್ತೀನಿ. ಜೋಕು ಹೇಳಲ್ಲ.

"ಏ ಟೆರ್ಯೆ, ಮೀನು ಆರ್ತಿದೆ ಬಾರೋ! ನಿನ್ ಸಾಹೇಬ್ರ ಕಾಗದದ ಕೆಳಗೇ ತಟ್ಟೆ ಇಟ್ಟಿದೀನಿ" ಅಂತ ಗುನ್ವೋರ್ ಕೂಗ್ತಿದ್ದಾಳೆ. ಹೋಗಿ ಮೊದಲು ಅದನ್ನು ಗೋಡೆಯಿಂದ ಕೀಳ್ತೀನಿ.

ಇಂತಿ,
ನಿಮ್ಮನ್ನು ಕಟ್ಟಿದವನು,
ಟೆರ್ಯೆ