ಬೇಗಂ ದೇವಡಿಯ ನಾಲ್ಕನೆಯ ಕಂಬ

ಶಹಾಪುರ
೧೧ ಫೆಬ್ರುವರಿ ೨೦೨೪

ಅಪ್ಪಾ,

ನಿನ್ನ ಮೋನಮ್ಮ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ. ತೀರ್ಥರೂಪರು, ತಾವು ಎಂದೆಲ್ಲ ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಆರು ವರ್ಷ ಮಾತು ಬಿಟ್ಟವಳಿಗೆ ಈಗೇಕೆ ಈ ನಾಟಕ ಎಂದು ನೀನು ನಕ್ಕರೂ ನಗು. ಫೋನು ಮಾಡಿದರೆ ನೀನು ಹ್ಞೂ ಅನ್ನುತ್ತೀ, ನಾನು ಸಿಟ್ಟಾಗುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನ ಓದು.

ನಮ್ಮೂರು ದೇವಾಪುರದಿಂದ ಒಂದು ತಾಸಿನ ಬಸ್ಸಿನ ದಾರಿಯಲ್ಲಿದ್ದೇನೆ. ನಾನು ಕೆಲಸ ಮಾಡುವ ಮರದ ಪ್ರಯೋಗಾಲಯಕ್ಕೆ ಒಂದು ಹಳೆಯ ಮನೆಯ ಕಂಬ, ತೊಲೆಗಳನ್ನು ಉಳಿಸಿಕೊಡುವ ಕೆಲಸ ಬಂದಿದೆ. ಎಲ್ಲಿ ಅಂತೀ? ಖುರ್ಷೀದಬೇಗಂ ಅವರ ದೇವಡಿಯಲ್ಲಿ. ಹೌದು, ಅದೇ ದೇವಡಿ. ಪಡಸಾಲೆಯ ನಾಲ್ಕನೆಯ ಕಂಬ, ಅದೇ ಕಂಬ.

ಹತ್ತೊಂಬತ್ತು ವರ್ಷದ ಹಿಂದೆ ಅದರ ಬುಡ ಕೊಳೆತಾಗ ನೀನು ಕತ್ತರಿಸಿ ತೆಗೆದು ಬೇರೆ ಬುಡ ಕೂಡಿಸಿದೆ. ಸಾಗವಾನಿ ಕಂಬಕ್ಕೆ ಕಾಡುಮರ ಹಚ್ಚಿದ, ಕತ್ತರಿಸಿ ತೆಗೆದ ಒಳ್ಳೆಯ ಸಾಗವಾನಿ ಮಾರಿಕೊಂಡ ಎಂದು ದೇವಡಿಯ ಲೆಕ್ಕ ಬರೆಯುತ್ತಿದ್ದ ಆಗಿನ ಮುನ್ಷಿ ಊರ ತುಂಬ ಹೇಳಿದ. ನೀನು ಕೊಂಕಲ್‌ನಲ್ಲಿ ಕೆಡವಿದ ಮನೆಯ ತೊಲೆ ತಂದದ್ದು, ಅದು ಸಾಗವಾನಿ ಅಲ್ಲ ಎಂಬುದು, ಅವನಿಗೆ ಹೇಗೋ ಗೊತ್ತಾಗಿತ್ತು. ಆಮೇಲೆ ಶಹಾಪುರದಲ್ಲಾಗಲಿ ಸುರಪುರದಲ್ಲಾಗಲಿ ಯಾವ ದೊಡ್ಡ ಮನೆಯೂ ನಿನ್ನನ್ನು ಕರೆಯಲಿಲ್ಲ. ಬಾಗಿಲಿಗೆ ಹೂಬಳ್ಳಿ ಕೆತ್ತುತ್ತಿದ್ದ ಕೈ ನೊಗ, ಕುಂಟೆ ಮಾಡಿಕೊಂಡು ಉಳಿಯಿತು. ಶಾಲೆಯಲ್ಲಿ ನನ್ನನ್ನು ಕಂಬಗಳ್ಳನ ಮಗಳು ಅಂದರು. ಮನೆ ಬಿಡುವ ದಿನ ನಾನು, ಕದ್ದಿಲ್ಲ ಅಂದರೆ ಬಾಯಿಬಿಟ್ಟು ಹೇಳು ಎಂದು ಕೂಗಾಡಿದೆ. ನೀನು ತಲೆ ಎತ್ತದೆ ಹಲಗೆಗೆ ರಂದಾ ಹೊಡೆಯುತ್ತಲೇ ಇದ್ದೆ. ಸುಳ್ಳು ಯಾಕೆ ಹೇಳಲಿ, ನಾನೂ ಅವರ ಮಾತು ನಂಬಿದ್ದೆ.

ಯಾವ ಮರ ಎಂದು ತಿಳಿಯದೆ ಅದಕ್ಕೆ ಔಷಧ ಹಚ್ಚುವ ಹಾಗಿಲ್ಲ. ನಮ್ಮ ಮೇಲಿನ ಕಲ್ಪನಾ ಮೇಡಂ ಆ ಪರೀಕ್ಷೆ ನನಗೇ ಒಪ್ಪಿಸಿದರು. ನಾಲ್ಕನೆಯ ಕಂಬದ ಮೇಲಿನ ಹಳೆಯ ಭಾಗದಿಂದ ಕಡ್ಡಿಯಷ್ಟು ಚೂರು ತೆಗೆದೆ, ನಿನ್ನ ಬುಡದಿಂದ ಇನ್ನೊಂದು. ನನ್ನ ಕೈಯಿಂದಲೇ ನಿನ್ನ ಕಳ್ಳತನ ಕಾಗದಕ್ಕೆ ಏರುತ್ತದಲ್ಲ ಎಂದುಕೊಂಡೆ. ನಿನ್ನ ಬುಡದ ಚೂರು ಬಿಸಾಕಿ ಅಲ್ಲಿ ಬೇರೆ ಸಾಗವಾನಿ ಚೂರು ಇಟ್ಟುಬಿಡಲೇ ಅನ್ನಿಸಿತು. ಕೈ ಹೋಗಿತ್ತು ಕೂಡ. ನಿನ್ನ ಹೆಸರು ಉಳಿಯಲಿ ಎಂದೋ, ನನ್ನ ಮುಖ ಉಳಿಯಲಿ ಎಂದೋ, ಗೊತ್ತಿಲ್ಲ. ಕಡೆಗೆ ನಿನ್ನ ಚೂರನ್ನೇ ಇಟ್ಟೆ.

ಅಪ್ಪಾ, ಮರದ ಒಳಗೆ ಏನಿದೆ ಎಂದು ನಿನಗೊಮ್ಮೆ ತೋರಿಸಬೇಕು. ಬಿಸಿನೀರಲ್ಲಿ ಮೆತ್ತಗೆ ಮಾಡಿ, ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ, ಬೇರಿನಿಂದ ಎಲೆಗೆ ನೀರು ಏರಿದ ದಾರಿಗಳೆಲ್ಲ ತೆರೆದುಕೊಂಡಿರುತ್ತವೆ. ನಿನ್ನಜ್ಜನ ಅಜ್ಜ ಹುಟ್ಟುವ ಮೊದಲು ಮಳೆನೀರು ಕುಡಿದ ಮರ, ಕುಡಿದ ದಾರಿ ಇನ್ನೂ ಹಾಗೇ ಇದೆ! ಎಷ್ಟು ಸಲ ನೋಡಿದರೂ ನನಗೆ ಮೈ ಝುಮ್ಮೆನ್ನುತ್ತದೆ. ಸಾಗವಾನಿಯಾದರೆ ಒಂದೊಂದು ವರ್ಷದ ಉಂಗುರದ ಮೊದಲಿಗೆ ದೊಡ್ಡ ತೂತುಗಳು ಸಾಲುಹಿಡಿದು ನಿಲ್ಲಬೇಕು. ಮೊದಲು ಮೇಲಿನ ಹಳೆಯ ಚೂರು ನೋಡಿದೆ. ಸಾಲು ಇಲ್ಲ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಇಲ್ಲವೇ ಇಲ್ಲ. ನಿನ್ನ ಬುಡದ ಚೂರು ಇಟ್ಟೆ. ಅದರ ತೂತು, ಅದರ ಗೆರೆ, ಎಲ್ಲ ಮೇಲಿನದರ ಹಾಗೆಯೇ. ಮೇಡಂ ಬಗ್ಗಿ ನೋಡಿ, ಎರಡೂ ಹೊನ್ನೆ ಅಂದರು.

ನಾಲ್ಕು ತಲೆಮಾರು ಬರ್ಮಾ ಸಾಗವಾನಿ ಎಂದು ಹೇಳಿಕೊಂಡು ಬಂದ ಕಂಬ, ಹೊನ್ನೆ! ವರ್ಷವರ್ಷ ಹಚ್ಚಿದ ಎಣ್ಣೆ, ಮೇಲೆ ಕೂತ ಹೊಗೆಯ ಕಪ್ಪು, ಅದರಡಿ ಯಾರಿಗೆ ಕಾಣಬೇಕು?

ಹೊನ್ನೆ ನೆನೆಸಿದ ನೀರು ಬಿಸಿಲಿಗೆ ನೀಲಿ ಹೊಳೆಯುತ್ತದೆ, ಖಾತ್ರಿಗೆಂದು ಎರಡು ಗಾಜಿನ ಲೋಟದಲ್ಲಿ ಎರಡರ ಪುಡಿಯನ್ನೂ ನೆನೆಹಾಕಿದೆವು. ನೀರು ಚಹಾದ ಬಣ್ಣಕ್ಕೆ ಬಂತು. ಅಂಗಳದ ಬಿಸಿಲಿಗೆ ಹಿಡಿದೆ ನೋಡು, ಲೋಟದ ಅಂಚಿಗೆ ನವಿಲಿನ ಕತ್ತಿನಂಥ ನೀಲಿ ಎದ್ದಿತು. ಎರಡೂ ಲೋಟದಲ್ಲಿ. ಅಷ್ಟು ವರ್ಷದ ಒಣಕಟ್ಟಿಗೆಯೊಳಗೆ ಆ ನೀಲಿ ಎಲ್ಲಿ ಕೂತಿತ್ತಪ್ಪಾ? ನಾನು ನಡು ಅಂಗಳದಲ್ಲಿ ಅಳುತ್ತಾ ನಿಂತುಬಿಟ್ಟೆ. ಬೇಗಂ ಅವರಿಗೆ ಎಂಬತ್ತು ದಾಟಿದೆ, ಕೋಲೂರಿಕೊಂಡು ಬಂದು ಲೋಟ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಯಾರ ಮಗಳು ಎಂದು ಕೇಳಿದರು, ಹೇಳಿದೆ.

"ಅರವತ್ತ ವರ್ಷ ಈ ಕಂಬಕ್ಕ ಬೆನ್ನ ಹಚ್ಚಿ ಕುಂತೀನಿ, ಏನ ಅಂತ ನನಗ ಗೊತ್ತಿರಲಿಲ್ಲ. ನಿಮ್ಮಪ್ಪಗ ಗೊತ್ತಿತ್ತು," ಎಂದರು. "ಕರಕೊಂಡ ಬಾ. ನಾನ ಮಾಫಿ ಕೇಳಬೇಕು."

ಕಂಬಕ್ಕೆ ಬುಡ ಕೂಡಿಸಿದ ನಿನ್ನ ಜೋಡು ಕೂದಲೆಳೆಯಷ್ಟೂ ಬಿಟ್ಟಿಲ್ಲ. ಹಸಿಮರ ಹಚ್ಚಿದ್ದರೆ ಒಣಗಿ ಸರಿದುಬಿಡುತ್ತಿತ್ತು, ಈ ಮನುಷ್ಯ ಅದೇ ಜಾತಿಯ ಹಳೆಯ ಮರ ಎಲ್ಲಿಂದ ಹುಡುಕಿದ ಎಂದು ಮೇಡಂ ಬೆರಗಾದರು. ಬೇರಿನ ಕಡೆ ಕೆಳಗೆ, ತುದಿಯ ಕಡೆ ಮೇಲೆ, ಮರ ಬೆಳೆದ ಹಾಗೆಯೇ ಅದನ್ನು ನಿಲ್ಲಿಸಿದ್ದೀ. ನಮ್ಮ ಯಂತ್ರ ಈಗ ಹೇಳಿದ್ದನ್ನು ನಿನ್ನ ಬೆರಳು ಆಗಲೇ ಹೇಳಿತ್ತು. ವರದಿಯಲ್ಲಿ ದುರಸ್ತಿ ಮಾಡಿದವರು ದ್ಯಾವಪ್ಪ ಬಡಿಗೇರ, ದೇವಾಪುರ ಎಂದು ಬರೆದಿದ್ದೇನೆ. ಮೇಡಂ ಸಹಿ ಹಾಕಿದ್ದಾರೆ.

ಆಗಲೇ ಮುನ್ಷಿಗೆ ಒಂದು ಲೋಟ ನೀರು ತೋರಿಸಿದ್ದರೆ ಸಾಕಿತ್ತಲ್ಲ, ಯಾಕೆ ಸುಮ್ಮನಿದ್ದರು ಎಂದು ಮೇಡಂ ಕೇಳಿದರು. ಅನ್ನ ಹಾಕಿದ ಮನೆಯ ಹೆಮ್ಮೆ ಕೆಡಿಸಬಾರದು ಎಂದು ಇದ್ದಿರಬೇಕು ಎಂದು ನಾನು ಹೇಳಿದೆ. ಅವರು ಒಪ್ಪಿದರು.

ಬರುವ ರವಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ಕೂತಿರುತ್ತೇನೆ, ನಿನ್ನ ಹಟವೇ ನನಗೂ ಬಂದಿದೆ.

ನಿನ್ನ ಮಗಳು,
ಮೋನಮ್ಮ

ತಾ.ಕ.: ಮೇಡಂಗೆ ಹೇಳಿದ್ದು ಸುಳ್ಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಕೊಂಕಲ್‌ನಿಂದ ಬರುವಾಗ ಗಾಡಿಯ ಮೇಲೆ ನೀನು, ಇದು ಸಾಗವಾನಿ ಅಲ್ಲ, ಯಾರ ಮುಂದೂ ಅನ್ನಬೇಡ ಎಂದಿದ್ದೆ. ಮುನ್ಷಿ ಎರಡು ಪೇಡೆ ಕೊಟ್ಟು ಕೇಳಿದ, ನಾನು ಹೇಳಿಬಿಟ್ಟೆ. ನಿನ್ನ ಮನೆಯವರೇ ಹೇಳಿದ್ದಾರೆ ಎಂದು ಅವನು ಪಂಚರ ಮುಂದೆ ಕೂಗಿದಾಗ, ಹಾಗಾದರೆ ಹೇಳಿದವರನ್ನು ಇಲ್ಲಿ ಕರೆಸು ಎಂದು ನೀನು ಅನ್ನಲಿಲ್ಲ. ಹೇಳಿದವರು ಯಾರು ಎಂದು ಇವತ್ತಿನವರೆಗೂ ಕೇಳಲಿಲ್ಲ. ಅಪ್ಪಾ, ಅವ್ವ ತೀರಿದ ಮೇಲೆ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ.